ಪ್ಯಾರಿಸ್‌ನಿಂದ ಮಾಟುಂಗಾದವರೆಗೆ: ಮುಂಬೈ ಆರ್ಟ್ ಡೆಕೊ ಬೆಳೆದ ಬಗೆ

ಮುಂಬೈಯ ಓವಲ್ ಮೈದಾನದ ಪೂರ್ವಕ್ಕೆ ಹೈಕೋರ್ಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರ. ಚೂಪು ಕಮಾನುಗಳ, ಕೆತ್ತನೆ ತುಂಬಿದ ಕಲ್ಲಿನ ಕಟ್ಟಡಗಳು ಅವು. ಪಶ್ಚಿಮಕ್ಕೆ ತಿಳಿಬಣ್ಣ ಬಳಿದ, ದುಂಡು ಬಾಲ್ಕನಿಗಳ ವಸತಿ ಕಟ್ಟಡಗಳ ಸಾಲು. ಮೊದಲನೆಯದು ವಿಕ್ಟೋರಿಯನ್ ಗೋಥಿಕ್, ಎರಡನೆಯದು ಆರ್ಟ್ ಡೆಕೊ. 2018ರಲ್ಲಿ ಯುನೆಸ್ಕೊ ಎರಡನ್ನೂ ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಥಿಕ್ ಸಾಲು ಬಹುಮಟ್ಟಿಗೆ ಸರ್ಕಾರದ ಯೋಜನೆ. ಎದುರಿನ ಸಾಲನ್ನು ಕಟ್ಟಿಸಿಕೊಂಡವರು ಊರಿನವರೇ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು ಇದೇ.

ಆರ್ಟ್ ಡೆಕೊ ಜಗತ್ತಿನ ಕಣ್ಣಿಗೆ ಬಿದ್ದದ್ದು 1925ರ ಪ್ಯಾರಿಸ್ ಪ್ರದರ್ಶನದಲ್ಲಿ. ಸೇನ್ ನದಿಯ ಎರಡೂ ದಂಡೆಗಳಲ್ಲಿ ತಿಂಗಳುಗಟ್ಟಲೆ ನಡೆದ ಈ ಅಲಂಕಾರಿಕ ಕಲೆಗಳ ಮೇಳಕ್ಕೆ ಒಂದೇ ಷರತ್ತು: ಹಳೆಯ ಶೈಲಿಗಳ ನಕಲು ಕೂಡದು. ತಮ್ಮಲ್ಲಿ ತೋರಿಸುವಂಥ ಆಧುನಿಕ ವಿನ್ಯಾಸವಿಲ್ಲ ಎಂದು ಅಮೆರಿಕ ದೂರ ಉಳಿಯಿತು. ಕ್ಯೂಬಿಸಂ ಎಂಬ ಚಿತ್ರಕಲಾ ಪಂಥದ ಕೋನಗಳು, 1922ರಲ್ಲಿ ಪತ್ತೆಯಾದ ಟುಟಂಖಾಮನ್ ಸಮಾಧಿ ಹುಟ್ಟಿಸಿದ ಈಜಿಪ್ಟ್ ಮೋಹ, ಹಡಗು–ಮೋಟಾರುಗಳ ವೇಗ, ಎಲ್ಲವೂ ಈ ಶೈಲಿಯಲ್ಲಿ ಬೆರೆತಿದ್ದವು. ಆದರೆ ರೂಲ್ಮನ್‌ನ ಪೀಠೋಪಕರಣಗಳಾಗಲಿ ಲಾಲಿಕ್‌ನ ಗಾಜಾಗಲಿ ಸಿರಿವಂತರ ಕೈಗೆ ಮಾತ್ರ ಎಟುಕುತ್ತಿದ್ದವು. ಮುಂದೆ ನ್ಯೂಯಾರ್ಕ್‌ನಲ್ಲಿ ಅದು 1930ರ ಕ್ರೈಸ್ಲರ್ ಕಟ್ಟಡವಾಗಿ ಮುಗಿಲಿಗೇರಿತು. ಭಾರತದಲ್ಲಿ ಇಂದೋರಿನಂಥ ಸಂಸ್ಥಾನಗಳ ಅರಮನೆಗಳನ್ನು ಹೊಕ್ಕಿತು.

ಮುಂಬೈಯಲ್ಲಿ ಅದು ಮಧ್ಯಮ ವರ್ಗದ ಮನೆಯವರೆಗೂ ಬಂತು. ಇದಕ್ಕೆ ಕಾರಣಗಳು ಬಹಳ ಲೌಕಿಕವಾದವು. 1920ರ ದಶಕದಲ್ಲಿ ಬ್ಯಾಕ್‌ಬೇ ಯೋಜನೆಯಡಿ ಸಮುದ್ರವನ್ನು ಹಿಂದಕ್ಕೆ ತಳ್ಳಿ ಹೊಸ ನೆಲ ಪಡೆಯಲಾಯಿತು. ಅದರ ಅವ್ಯವಹಾರಗಳನ್ನು ಕಾಂಗ್ರೆಸ್ ನಾಯಕ ಕೆ.ಎಫ್. ನಾರಿಮನ್ ಬಯಲಿಗೆಳೆದದ್ದು ಆ ಕಾಲದ ದೊಡ್ಡ ಸುದ್ದಿ. ಆ ನೆಲದಲ್ಲೇ ಓವಲ್‌ನ ಪಶ್ಚಿಮದ ಸಾಲೂ ಮರೀನ್ ಡ್ರೈವ್ ಕೂಡ ಎದ್ದವು. ಕಬ್ಬಿಣದ ಸರಳು, ಸಿಮೆಂಟು ಸೇರಿದ ಆರ್‌ಸಿಸಿ ಕಲ್ಲಿನ ಕೆಲಸಕ್ಕಿಂತ ಬೇಗ ಮುಗಿಯುತ್ತಿತ್ತು. ಬೇಕಾದ ಹಾಗೆ ಬಾಗುತ್ತಲೂ ಇತ್ತು. ಅಷ್ಟರಲ್ಲಿ ಜಿ.ಬಿ. ಮ್ಹಾತ್ರೆಯವರಂಥ ಭಾರತೀಯ ವಾಸ್ತುಶಿಲ್ಪಿಗಳು ಸ್ವಂತ ಕಚೇರಿ ತೆರೆದಿದ್ದರು. ಒಂದೊಂದು ಕೋಣೆಯ ಬಾಡಿಗೆ ಮನೆಗಳ ಚಾಳೂ ಅಲ್ಲದ, ಬಂಗಲೆಯೂ ಅಲ್ಲದ ಫ್ಲ್ಯಾಟ್ ಎಂಬ ಹೊಸ ಬಗೆಯ ಮನೆಗೆ ಇವರು ರೂಪ ಕೊಡಬೇಕಿತ್ತು. 1937ರಲ್ಲಿ ಟೌನ್ ಹಾಲ್‌ನಲ್ಲಿ ‘ಆದರ್ಶ ಮನೆ’ಯ ಪ್ರದರ್ಶನವನ್ನೇ ಏರ್ಪಡಿಸಿದರು.

ಶೈಲಿಯ ರುಚಿ ಹತ್ತಿಸಿದ್ದು ಸಿನಿಮಾ ಮಂದಿರ. ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣದ (ಇಂದಿನ ಸಿಎಸ್‌ಎಂಟಿ) ವಾಸ್ತುಶಿಲ್ಪಿ ಎಫ್.ಡಬ್ಲ್ಯು. ಸ್ಟೀವನ್ಸ್ ಅವರ ಮಗ ಚಾರ್ಲ್ಸ್ 1933ರಲ್ಲಿ ರೀಗಲ್ ಚಿತ್ರಮಂದಿರವನ್ನು ರೂಪಿಸಿದರು. ಅಪ್ಪನ ಗೋಥಿಕ್ ಗುಮ್ಮಟಗಳ ಊರಿನಲ್ಲೇ ಮಗ ಕಾಂಕ್ರೀಟಿನ ನೇರ ಗೆರೆಗಳನ್ನು ಎಳೆದ. 1938ರಲ್ಲಿ ಇರೋಸ್ ಬಂತು. ಟಿಕೆಟ್ ಕೊಂಡು ಒಳಹೊಕ್ಕವರೆಲ್ಲ ಆ ಅಮೃತಶಿಲೆ, ಆ ಬೆಳಕು, ಆ ಮೆಟ್ಟಿಲುಗಳ ನಡುವೆ ಕೆಲಹೊತ್ತು ಇದ್ದು ಬರಬಹುದಿತ್ತು.

ಮರೀನ್ ಡ್ರೈವ್‌ನ ಮೂಲೆಯಲ್ಲಿರುವ ಸೂನಾ ಮಹಲ್ ಅನ್ನು ನೋಡಿ. 1937ರ ಸುಮಾರಿನ ಮ್ಹಾತ್ರೆಯವರ ಕೃತಿ. ಎರಡು ರಸ್ತೆ ಕೂಡುವೆಡೆ ಗೋಡೆ ಮುರಿಯದೆ ದುಂಡಗೆ ತಿರುಗುತ್ತದೆ, ತುದಿಯಲ್ಲೊಂದು ಗೋಪುರ. ಈ ಕಾಲದ ಮನೆಗಳ ಕಿಟಕಿಗಳ ಮೇಲೆ ಹುಬ್ಬು ತೀಡಿದಂತೆ ಸಜ್ಜಾ ಹರಿದಿರುತ್ತದೆ. ನೋಟಕ್ಕೆ ವೇಗದ ಗೆರೆ, ಬಳಕೆಗೆ ಬಿಸಿಲು–ಮಳೆಗಳ ತಡೆ. ಜೂನ್‌ನ ಮುಂಬೈ ಮಳೆಯಲ್ಲಿ ಕಿಟಕಿ ತೆರೆದಿಟ್ಟು ಕೂರುವವರಿಗೆ ಸಜ್ಜಾದ ಬೆಲೆ ಗೊತ್ತು. ಗೇಟಿನ ಕಬ್ಬಿಣದಲ್ಲಿ ಸೂರ್ಯಕಿರಣ, ಬಾಲ್ಕನಿಯ ಗ್ರಿಲ್‌ನಲ್ಲಿ ಅಲೆ, ಬಾಗಿಲ ಮೇಲೆ ಸಿಮೆಂಟಿನಲ್ಲೇ ಎತ್ತಿ ಬರೆದ ಮನೆಯ ಹೆಸರು. ಫೋರ್ಟ್‌ನಲ್ಲಿ 1938ರ ಲಕ್ಷ್ಮೀ ವಿಮಾ ಕಟ್ಟಡದ ನೆತ್ತಿಯ ಮೇಲಂತೂ ಲಕ್ಷ್ಮಿಯೇ ನಿಂತಿದ್ದಾಳೆ. ಇದನ್ನು ಪ್ಯಾರಿಸ್‌ನ ಅನುಕರಣೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ದಕ್ಷಿಣದ ತುದಿಯಿಂದ ಶೈಲಿ ಉತ್ತರಕ್ಕೂ ಸರಿಯಿತು. 1896ರ ಪ್ಲೇಗಿನ ಬಳಿಕ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಯೋಜಿಸಿದ ದಾದರ್–ಮಾಟುಂಗಾ ಬಡಾವಣೆಯಲ್ಲಿ ಗಾಳಿ ಬೆಳಕಿನ ಮೂರ್ನಾಲ್ಕು ಅಂತಸ್ತಿನ ಕಟ್ಟಡಗಳು ಬಂದವು. ಮೈಸೂರು ಅಸೋಸಿಯೇಷನ್ ಇರುವ, ಉಡುಪಿ ಹೋಟೆಲುಗಳಿಗೆ ಹೆಸರಾದ ಮಾಟುಂಗಾ ಇದೇ. ಅಲ್ಲಿ ಬಾಳಿದ ಎಷ್ಟೋ ಕನ್ನಡ ಕುಟುಂಬಗಳು ಹತ್ತಿ ಇಳಿದ ಮೊಸಾಯಿಕ್ ಮೆಟ್ಟಿಲುಗಳು ಈ ಶೈಲಿಯವೇ.

ಯುನೆಸ್ಕೊದ ಗಡಿರೇಖೆ ಮಾಟುಂಗಾದವರೆಗೆ ಬಂದಿಲ್ಲ. ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಗಾರೆಯನ್ನು ಒಡೆಯುತ್ತದೆ. 1947ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಬಾಡಿಗೆ ನಿಂತಲ್ಲೇ ನಿಂತದ್ದರಿಂದ ಮಾಲೀಕರು ರಿಪೇರಿಗೆ ಕೈ ಹಾಕಲಿಲ್ಲ. ಈಗ ಮರುನಿರ್ಮಾಣದ ಹೆಸರಿನಲ್ಲಿ ಒಂದೊಂದೇ ಕಟ್ಟಡ ಉರುಳಿ ಗಗನಚುಂಬಿ ಏಳುತ್ತಿದೆ. ಸೋರುವ ಮನೆಯಲ್ಲಿ ಇರುವವರಿಗೆ ಪರಂಪರೆಯ ಪಾಠ ಹೇಳುವುದು ನ್ಯಾಯವಲ್ಲ. ತುಕ್ಕು ತೆಗೆದು, ಸರಳು ಬದಲಿಸಿ, ಕಾಂಕ್ರೀಟು ಮರುತುಂಬುವ ವಿಧಾನಗಳಿವೆ. ಆ ಖರ್ಚಿನಲ್ಲಿ ಪಾಲು ಹೊರಲು ಸರ್ಕಾರ ಮತ್ತು ಪಾಲಿಕೆ ಮುಂದೆ ಬರಬೇಕು, ಅದೂ ಮಾಟುಂಗಾದಂಥ ಪಟ್ಟಿಯ ಹೊರಗಿನ ಬೀದಿಗಳಿಂದಲೇ ಮೊದಲಾಗಬೇಕು.