ನೀರೊಳಗೇ ಗಟ್ಟಿಯಾದ ಗಾರೆ

ಅಮೆರಿಕದ ಪೂರ್ವ ಕರಾವಳಿಯ ಬೆನ್ನಿಗೆ ಮೇನ್‌ನಿಂದ ಅಲಬಾಮದವರೆಗೂ ಅಪಲಾಚಿಯನ್ ಬೆಟ್ಟಸಾಲು ಅಡ್ಡಗೋಡೆಯಂತೆ ಹಬ್ಬಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಗೋಡೆಯಾಚೆ ಗೋಧಿ ಬೆಳೆದ ರೈತ ಅದನ್ನು ನ್ಯೂಯಾರ್ಕಿನ ಮಾರುಕಟ್ಟೆಗೆ ಗಾಡಿಯಲ್ಲಿ ಕಳಿಸಿದರೆ, ಸಾಗಣೆಯ ಖರ್ಚೇ ಧಾನ್ಯದ ಬೆಲೆಯನ್ನು ಮೀರುತ್ತಿತ್ತು. ಆದ್ದರಿಂದ ಎಷ್ಟೋ ರೈತರು ಧಾನ್ಯವನ್ನು ವಿಸ್ಕಿಯಾಗಿ ಭಟ್ಟಿಯಿಳಿಸಿ ಕಳಿಸುತ್ತಿದ್ದರು. ಅದರ ತೂಕ ಕಡಿಮೆ, ಬೆಲೆ ಹೆಚ್ಚು.

ಈ ಗೋಡೆಯ ಉತ್ತರ ಭಾಗದಲ್ಲಿ ಒಂದು ಕಿಂಡಿ ಇತ್ತು. ಹಿಮಯುಗದ ಕೊನೆಯಲ್ಲಿ ಕರಗಿದ ನೀರ್ಗಲ್ಲಿನ ನೀರು ಪೂರ್ವಕ್ಕೆ ಹರಿದುಹೋಗುವಾಗ ಅಗಲಗೊಳಿಸಿದ ಮೋಹಾಕ್ ನದಿಯ ಕಣಿವೆಯೇ ಅದು. ಹಡ್ಸನ್ ನದಿಯ ಆಲ್ಬನಿಯಿಂದ ಈರೀ ಸರೋವರದ ಬಫಲೋವರೆಗೆ ಈ ಕಣಿವೆಯ ಗುಂಟ ಕಾಲುವೆ ತೋಡಬಹುದೆಂದು ನಂಬಿದವರಲ್ಲಿ ಮುಖ್ಯರು ನ್ಯೂಯಾರ್ಕ್ ರಾಜ್ಯದ ಗವರ್ನರ್ ಆದ ಡೆವಿಟ್ ಕ್ಲಿಂಟನ್. 363 ಮೈಲಿ ಉದ್ದ, 40 ಅಡಿ ಅಗಲ, 4 ಅಡಿ ಆಳದ ಈ ಈರೀ ಕಾಲುವೆಯ ಯೋಜನೆಯನ್ನು ವಿರೋಧಿಗಳು 'ಕ್ಲಿಂಟನ್‌ರ ಹಳ್ಳ' ಎಂದು ಹಂಗಿಸಿದರು. ಕೇಂದ್ರ ಸರ್ಕಾರ ಹಣ ಕೊಡಲಿಲ್ಲವಾಗಿ ರಾಜ್ಯವೇ ಸಾಲ ಎತ್ತಿ, 1817ರ ಜುಲೈ 4ರಂದು ರೋಮ್ ಎಂಬ ಊರಿನಲ್ಲಿ ಅಗೆತ ಆರಂಭಿಸಿತು.

ತಮಾಷೆಯೆಂದರೆ, ಕಾಲುವೆ ಕಟ್ಟಲು ಹೊರಟ ಮುಖ್ಯಸ್ಥರಾದ ಬೆಂಜಮಿನ್ ರೈಟ್ ಮತ್ತು ಜೇಮ್ಸ್ ಗೆಡ್ಡಿಸ್ ಇಬ್ಬರೂ ನ್ಯಾಯಾಧೀಶರಾಗಿದ್ದವರು. ಭೂಮಾಪನ ಬಲ್ಲವರೇ ಹೊರತು ಕಾಲುವೆ ಕಟ್ಟಿದವರಲ್ಲ. ಅವರ ಎದುರಿದ್ದದ್ದು ಸುಮಾರು 570 ಅಡಿಗಳ ಏರು. ದೋಣಿಯನ್ನು ಅಷ್ಟೆತ್ತರಕ್ಕೆ ಹತ್ತಿಸಲು 83 ಲಾಕ್‌ಗಳು ಬೇಕಾದವು. ಲಾಕ್ ಎಂದರೆ ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಬಂದ ಮೇಲೆ ಕೆಳಗಿನ ಬಾಗಿಲು ಮುಚ್ಚಿ ಮೇಲಿನ ತೂಬು ಎತ್ತಿದರೆ ನೀರು ತುಂಬಿ ದೋಣಿಯನ್ನು ತಾನೇ ಎತ್ತುತ್ತದೆ. ಬಾಗಿಲಿನ ಎರಡು ರೆಕ್ಕೆಗಳೂ ನೀರು ಬರುವ ದಿಕ್ಕಿಗೆ ಮೊನೆಯಾಗಿ ಕೂಡುವುದರಿಂದ, ನೀರು ಒತ್ತಿದಷ್ಟೂ ಅವು ಬಿಗಿಯಾಗುತ್ತವೆ.

ಬಾಗಿಲೇನೋ ಬಿಗಿಯಾದೀತು, ಆದರೆ ಗೋಡೆ? ಮಾಮೂಲಿ ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು. ನೀರಿನಲ್ಲಿ ಮುಳುಗಿಸಿಟ್ಟರೆ ಅದು ಮೆತ್ತಗೇ ಉಳಿದು, ಕ್ರಮೇಣ ಕರಗಿಹೋಗುತ್ತದೆ. ನೀರಿನಲ್ಲಿ ಗಟ್ಟಿಯಾಗುವ ಗಾರೆಯನ್ನು ಯೂರೋಪಿನಿಂದ ತರಿಸುವಷ್ಟು ಹಣವಿರಲಿಲ್ಲ. ಕ್ಯಾನ್ವಸ್ ವೈಟ್ ಎಂಬ ಯುವ ಸಹಾಯಕ ಬ್ರಿಟನ್ನಿಗೆ ಹೋಗಿ, ಅಲ್ಲಿನ ಕಾಲುವೆಗಳ ದಂಡೆಯಲ್ಲಿ ಸುಮಾರು 2,000 ಮೈಲಿ ನಡೆದು, ನೋಡಿದ್ದನ್ನೆಲ್ಲ ಬರೆದುಕೊಂಡು 1818ರಲ್ಲಿ ಮರಳಿದ. ಅದೇ ಹೊತ್ತಿಗೆ ಚಿಟ್ಟೆನಾಂಗೊ ಎಂಬ ಹಳ್ಳಿಯ ಬಳಿ ಗುತ್ತಿಗೆದಾರರು ಸುಟ್ಟ ಸುಣ್ಣದ ಕಲ್ಲೊಂದು ವಿಚಿತ್ರವಾಗಿ ವರ್ತಿಸಿತು: ನೀರು ಹಾಕಿದರೂ ಅರಳಲಿಲ್ಲ. ಅದನ್ನು ಕುಟ್ಟಿ ಪುಡಿ ಮಾಡಿ, ಮರಳು ಬೆರೆಸಿ, ಉಂಡೆ ಕಟ್ಟಿ, ಹೆಂಡದಂಗಡಿಯೊಂದರಲ್ಲಿ ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟರಂತೆ. ಬೆಳಿಗ್ಗೆ ತೆಗೆದು ನೆಲದ ಮೇಲೆ ಉರುಳಿಸಿದರೆ ಉಂಡೆ ಕಲ್ಲಿನಂತೆ ಉರುಳಿತಂತೆ.

ಆ ಕಲ್ಲಿನಲ್ಲಿ ಸುಣ್ಣದ ಜೊತೆಗೆ ಜೇಡಿಯ ಅಂಶವೂ ಇತ್ತು. ಸುಡುವಾಗ ಸುಣ್ಣವು ಜೇಡಿಯಲ್ಲಿನ ಸಿಲಿಕಾ, ಅಲ್ಯೂಮಿನಾಗಳೊಡನೆ ಕೂಡಿಕೊಳ್ಳುತ್ತದೆ. ಹೀಗೆ ಹುಟ್ಟಿದ ಸಂಯುಕ್ತಕ್ಕೆ ಗಟ್ಟಿಯಾಗಲು ಗಾಳಿ ಬೇಡ, ನೀರೇ ಸಾಕು. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ನಮ್ಮ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದರ ಹಿಂದೆಯೂ ಬಹುಮಟ್ಟಿಗೆ ಇದೇ ರಸಾಯನವಿದೆ. ವೈಟ್ 1820ರಲ್ಲಿ ಪೇಟೆಂಟ್ ಪಡೆದ, ಆದರೆ ಗುತ್ತಿಗೆದಾರರು ಅದಕ್ಕೆ ಸೊಪ್ಪು ಹಾಕದೆ ಗಾರೆಯನ್ನು ಬಳಸಿದರು. ಕಾಲುವೆಯ ಕೀರ್ತಿಯೆಲ್ಲ ಕ್ಲಿಂಟನ್‌ಗೆ ಸಂದಿತು. ನನ್ನ ಲೆಕ್ಕದಲ್ಲಿ ಅದರ ಅರ್ಧ ಆ ಉಂಡೆಗೆ ಸಲ್ಲಬೇಕು.

ಈರೀ ಕಾಲುವೆಯನ್ನು ಅಗೆದವರು ಐರಿಷ್ ವಲಸಿಗರು ಎಂಬುದು ಜನಜನಿತ ಮಾತು. ಇದು ಅರ್ಧ ಸತ್ಯ. ಮೊದಲ ವರ್ಷಗಳಲ್ಲಿ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಸ್ಥಳೀಯ ರೈತರಿಗೇ ಗುತ್ತಿಗೆ ಕೊಡಲಾಗಿತ್ತು, ಕೂಲಿಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಹುಟ್ಟಿದವರೆಂದು 1819ರ ಕಾಲುವೆ ಮಂಡಳಿಯ ವರದಿಯೇ ಹೇಳುತ್ತದೆ. ಐರಿಷರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಪಶ್ಚಿಮದ ಕಷ್ಟದ ಕೆಲಸಕ್ಕೆ, ಅದರಲ್ಲೂ ಲಾಕ್‌ಪೋರ್ಟಿನಲ್ಲಿ ಬಂಡೆಯನ್ನು ಮದ್ದಿಟ್ಟು ಸಿಡಿಸುವುದಕ್ಕೆ. ಅಲ್ಲಿ ಐದು ಜೋಡಿ ಲಾಕ್‌ಗಳು ಮೆಟ್ಟಿಲುಮೆಟ್ಟಿಲಾಗಿ ದೋಣಿಯನ್ನು ಸುಮಾರು 60 ಅಡಿ ಎತ್ತುತ್ತಿದ್ದವು. ಇನ್ನು ಮಾಂಟೆಜುಮಾ ಜೌಗಿನಲ್ಲಿ 1819ರ ಬೇಸಿಗೆಯಲ್ಲಿ ಸುಮಾರು ಸಾವಿರ ಕೂಲಿಗಳು ಚಳಿಜ್ವರದಿಂದ ಮಲಗಿದರು. ಕೆಟ್ಟ ಗಾಳಿಯೇ ಕಾರಣವೆಂದು ಆಗ ಎಲ್ಲರೂ ನಂಬಿದ್ದರು. ಮಲೇರಿಯಾ ಪರೋಪಜೀವಿಯನ್ನು ಸೊಳ್ಳೆಯ ಹೊಟ್ಟೆಯೊಳಗೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ.

1825ರ ಅಕ್ಟೋಬರಿನಲ್ಲಿ ಕಾಲುವೆ ಪೂರ್ಣಗೊಂಡಾಗ ಬಫಲೋದಿಂದ ನ್ಯೂಯಾರ್ಕಿಗೆ ಒಂದು ಟನ್ ಸರಕಿನ ಸಾಗಣೆ ಸುಮಾರು 100 ಡಾಲರಿನಿಂದ ಸುಮಾರು 10 ಡಾಲರಿಗೆ ಇಳಿಯಿತು. ಜೆನೆಸೀ ಜಲಪಾತದ ಬಲದಿಂದ ಹಿಟ್ಟಿನ ಗಿರಣಿಗಳು ತಿರುಗುತ್ತಿದ್ದ ರೋಚೆಸ್ಟರಿನಲ್ಲಿ 1820ರಲ್ಲಿ ಸುಮಾರು 1,500 ಜನರಿದ್ದರು. 1830ಕ್ಕೆ ಸುಮಾರು 9,200. ಸರಕು ಪೂರ್ವಕ್ಕೆ ಹರಿದರೆ ಜನ ಪಶ್ಚಿಮಕ್ಕೆ ಹರಿದರು. ನಾರ್ವೆಯಿಂದ ಸಂಘಟಿತವಾಗಿ ವಲಸೆ ಬಂದ ಮೊದಲ ತಂಡ, ಪುಟ್ಟ ಹಡಗೊಂದರಲ್ಲಿ 1825ರ ಅಕ್ಟೋಬರ್ 9ರಂದು ನ್ಯೂಯಾರ್ಕಿನಲ್ಲಿ ಇಳಿದು, ಇದೇ ಕಾಲುವೆಯ ದಾರಿ ಹಿಡಿದು ಆಂಟಾರಿಯೋ ಸರೋವರದ ದಡದ ಕೆಂಡಲ್ ಸೇರಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರಲ್ಲಿ ಹಲವರು ಇಲಿನಾಯ್‌ಯ ಬಯಲಿಗೆ ಹೊರಟಿದ್ದರು.

ಕಾಲುವೆ ಹಾದುಹೋದ ನೆಲ ಖಾಲಿ ನೆಲವಾಗಿರಲಿಲ್ಲ. ಅದು ಮೋಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕಾ ಜನರ ಹೋಡೆನೊಶೋನಿ ಒಕ್ಕೂಟದ ನಾಡು. ಅಗೆತಕ್ಕೆ ಮುಂಚೆಯೇ ಒಪ್ಪಂದಗಳ ಹೆಸರಿನಲ್ಲಿ ಅದರ ಬಹುಪಾಲು ಕೈತಪ್ಪಿತ್ತು, ಕಾಲುವೆ ಬಂದು ಬೆಲೆ ಏರಿದ ಮೇಲೆ ಉಳಿದದ್ದರ ಮೇಲೂ ಕಣ್ಣು ಬಿತ್ತು. ಒನೈಡಾ ಜನರಲ್ಲಿ ಅನೇಕರು 1820ರ ದಶಕದಿಂದಲೇ ದೂರದ ವಿಸ್ಕಾನ್ಸಿನ್‌ಗೆ ಗುಳೆ ಹೋದರು.

ಉದ್ಘಾಟನೆಗೆ ಬಫಲೋದಿಂದ ಹೊರಟು, ನವೆಂಬರ್ 4ರಂದು ನ್ಯೂಯಾರ್ಕ್ ತಲುಪಿ, ಕ್ಲಿಂಟನ್ ಸಮುದ್ರಕ್ಕೆ ಸುರಿದ ಸರೋವರದ ನೀರನ್ನು ಹೊತ್ತು ತಂದ ದೋಣಿಯ ಹೆಸರು 'ಸೆನೆಕಾ ಚೀಫ್', ಅಂದರೆ ಸೆನೆಕಾ ನಾಯಕ. ಆ ಮೆರವಣಿಗೆಗೆ ಸಜ್ಜಾದ 'ನೋವಾಸ್ ಆರ್ಕ್' ಎಂಬ ಇನ್ನೊಂದು ದೋಣಿಯಲ್ಲಿ ಪಶ್ಚಿಮದ ವಿಶೇಷಗಳನ್ನು ಪ್ರದರ್ಶನಕ್ಕಿಟ್ಟಿದ್ದರು: ಒಂದು ಕರಡಿ, ಹದ್ದುಗಳು, ಜಿಂಕೆಮರಿಗಳು, ಮತ್ತು ಇಬ್ಬರು ಮೂಲನಿವಾಸಿ ಹುಡುಗರು.