ಡ್ರೈವರ್ ಹೆಸರಲ್ಲಿ ಜಾಗ ತಗೊಂಡ್ರೆ ಆಗಲ್ವಾ ಸಾರ್?

ಪ್ರಶ್ನೆ: ಜಕಾರ್ತದಲ್ಲಿ ಆರು ವರ್ಷದಿಂದ ಕೆಲಸದಲ್ಲಿದ್ದೇನೆ. ಮಧ್ಯ ಜಾವಾದ ಒಂದು ಹಳ್ಳಿಯಲ್ಲಿ ಗದ್ದೆ ಪಕ್ಕ ಚಿಕ್ಕ ಜಾಗ ನೋಡಿದ್ದೇನೆ. ನಮ್ಮ ಡ್ರೈವರ್ ತುಂಬಾ ನಂಬಿಕಸ್ಥ. ಅವನ ಹೆಸರಲ್ಲಿ ಮಾಡಿಸಿ ನೋಟರಿ ಹತ್ತಿರ ಅಗ್ರಿಮೆಂಟ್ ಬರೆಸಿಕೊಂಡರೆ ಸಾಕಂತೆ, ನಿಜಾನಾ? ಹಾಗೇ, ಹಳ್ಳಿಯಲ್ಲಿ ಕಳ್ಳರ ಕಾಟ ಹೇಗೆ?

ಉತ್ತರ: ಸಾಕಾಗಲ್ಲ. ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವೇ ಇಲ್ಲ. ಡ್ರೈವರ್ ಬದಲು ಒಮ್ಮೆ ಅಡುಗೆಯವಳು ಬರುತ್ತಾಳೆ, ಒಮ್ಮೆ ಆಫೀಸಿನ ಗೆಳೆಯ ಬರುತ್ತಾನೆ, ಉಳಿದದ್ದೆಲ್ಲ ಅದೇ. ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿಬಿಡಬಹುದು.

ಮೊದಲು ಒಂದು ಮಾತು. ಇದಕ್ಕೆ ಇಲ್ಲಿ 'ನಾಮಿನಿ' ಅಂತ ಚೆಂದದ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಇದನ್ನೇ ಬೇನಾಮಿ ಅಂತೀವಿ. ಊರಲ್ಲಿ ಯಾರಾದರೂ ಬೇನಾಮಿ ಜಾಗ ಮಾಡಿಸೋಣ ಅಂದರೆ ಎರಡು ಸಲ ಯೋಚಿಸುವ ನಾವು, ಸಮುದ್ರ ದಾಟಿದ ತಕ್ಷಣ ಅದನ್ನೇ ಜಾಣತನ ಅಂದುಕೊಳ್ಳುವುದು ಯಾಕೋ ನನಗೆ ಅರ್ಥವಾಗಿಲ್ಲ.

ಇಂಡೋನೇಷ್ಯಾದ ಭೂಮಿಯ ಮೂಲ ಕಾನೂನು 1960ರದ್ದು. ಅದರಲ್ಲಿ ಪೂರ್ತಿ ಒಡೆತನಕ್ಕೆ 'ಹಕ್ ಮಿಲಿಕ್' ಅಂತಾರೆ. ನಮ್ಮ ಹಕ್ಕು, ಮಾಲೀಕ ಬಂದಿದ್ದೂ ಅದೇ ಅರಬ್ಬಿ ಬೇರಿನಿಂದ, ಆದ್ದರಿಂದ ನೆನಪಿಟ್ಟುಕೊಳ್ಳೋದು ಸುಲಭ. 21ನೇ ಕಲಂ ಪ್ರಕಾರ ಇದು ಇಲ್ಲಿನ ಪ್ರಜೆಗಳಿಗೆ ಮಾತ್ರ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರೋದು, ಅಥವಾ ದಲ್ಲಾಳಿ ಬೇಕಂತಲೇ ಹೇಳದಿರೋದು, 26ನೇ ಕಲಮಿನ ಎರಡನೇ ಭಾಗ. ನೇರವಾಗಿ ಆಗಲಿ, ಸುತ್ತು ಬಳಸಿ ಆಗಲಿ, ವಿದೇಶಿಯರ ಕೈಗೆ ಹಕ್ ಮಿಲಿಕ್ ಹೋಗುವಂತೆ ಮಾಡಿದ ಯಾವ ವ್ಯವಹಾರವೂ ಊರ್ಜಿತವಲ್ಲ, ಜಾಗ ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ದುಡ್ಡನ್ನು ವಾಪಸ್ ಕೇಳುವ ಹಾಗಿಲ್ಲ. 'ಸುತ್ತು ಬಳಸಿ' ಅನ್ನುವ ಮಾತು ಆ ಕಾನೂನಿನಲ್ಲೇ ಇದೆ ಸ್ವಾಮಿ. ನಿಮ್ಮ ಡ್ರೈವರ್ ಉಪಾಯವನ್ನು ಅರವತ್ತು ವರ್ಷದ ಹಿಂದೆಯೇ ಯೋಚಿಸಿಟ್ಟಿದ್ದಾರೆ.

"ನೋಟರಿ ಸಹಿ ಇರುತ್ತಲ್ಲ?" ಇರುತ್ತೆ. ಒಂದಲ್ಲ, ಮೂರೋ ನಾಲ್ಕೋ ಪತ್ರ ಇರುತ್ತೆ. ಡ್ರೈವರ್ ನಿಮ್ಮಿಂದ ಸಾಲ ತಗೊಂಡ ಹಾಗೆ ಒಂದು, ಜಾಗ ನಿಜವಾಗಿ ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ ಇನ್ನೊಂದು, ಬೇಕಾದಾಗ ಮಾರಲು ನಿಮಗೆ ಅಧಿಕಾರ ಕೊಟ್ಟ ಹಾಗೆ ಮತ್ತೊಂದು. ನನಗೂ ಒಬ್ಬ ದಲ್ಲಾಳಿ ಈ ಕಂತೆಯನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ತೋರಿಸಿದ್ದ, ಸೀಲು ಗೀಲು ನೋಡಿ ಒಂದು ಕ್ಷಣ ನಾನೂ ಮರುಳಾಗಿದ್ದೆ. ಆದರೆ ಜಾಗ ನಿಜವಾಗಿ ನಿಮ್ಮದು ಅಂತ ಬರೆಸಿಕೊಂಡ ಪತ್ರವೇ ಕೋರ್ಟಿನಲ್ಲಿ ನಿಮ್ಮ ವಿರುದ್ಧದ ಮೊದಲ ಸಾಕ್ಷಿ. ಅದನ್ನು ತೋರಿಸಿದರೆ ಕಾನೂನು ಮುರಿದೆ ಅಂತ ನೀವೇ ಒಪ್ಪಿಕೊಂಡ ಹಾಗೆ. ತೋರಿಸದಿದ್ದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಇನ್ನು ಆ ಮಾರುವ ಅಧಿಕಾರ ಪತ್ರ, ವಾಪಸ್ ಪಡೆಯಲಾಗದಂಥ ಪೂರ್ತಿ ಅಧಿಕಾರ ಬರೆದುಕೊಡೋದನ್ನು ಭೂಮಿ ವಿಷಯದಲ್ಲಿ 1982ರಲ್ಲೇ ನಿಷೇಧಿಸಿದ್ದಾರೆ. ಅಂಥ ಪತ್ರ ಹಿಡಿದು ಬಂದರೆ ಕ್ರಯಪತ್ರ ಮಾಡುವ ಅಧಿಕಾರಿ ಹಿಂದಕ್ಕೆ ಕಳಿಸಬೇಕು ಅಂತ 1997ರ ನಿಯಮದಲ್ಲೂ ಇದೆ.

"ಬಾಲಿಯಲ್ಲಿ ಎಷ್ಟೋ ಜನ ಮಾಡಿದ್ದಾರೆ, ಏನೂ ಆಗಿಲ್ಲ." ಹೌದು, ಏನೂ ಆಗುವ ತನಕ ಏನೂ ಆಗಲ್ಲ. ನಿಮ್ಮ ಡ್ರೈವರ್ ಒಳ್ಳೆಯವನೇ ಇರಬಹುದು, ಅದು ಪ್ರಶ್ನೆಯೇ ಅಲ್ಲ. ಅವನು ಸತ್ತರೆ ಜಾಗ ಅವನ ಹೆಂಡತಿ ಮಕ್ಕಳಿಗೆ ಹೋಗುತ್ತೆ, ಅವರು ನಿಮ್ಮ ಮುಖವನ್ನೇ ನೋಡಿಲ್ಲ. ಮಗಳ ಮದುವೆಗೆ ಸಾಲ ಬೇಕಾದರೆ ಆ ಪತ್ರವನ್ನೇ ಬ್ಯಾಂಕಿನಲ್ಲಿ ಇಡಬಹುದು, ಇಟ್ಟರೆ ಅದು ಮೋಸವೂ ಅಲ್ಲ, ದಾಖಲೆಯಲ್ಲಿ ಅವನೇ ಮಾಲೀಕ ತಾನೇ?

ಹೆಂಡತಿ ಇಲ್ಲಿಯವಳಾದರೆ? ಅದೂ ಅಷ್ಟು ಸಲೀಸಲ್ಲ. ಇಲ್ಲಿನ 1974ರ ಮದುವೆ ಕಾನೂನಿನಲ್ಲಿ ಮದುವೆಯ ನಂತರ ಕೊಂಡಿದ್ದೆಲ್ಲ ಇಬ್ಬರ ಆಸ್ತಿ. ಅಂದರೆ ಅರ್ಧ ನಿಮ್ಮದು, ನೀವು ವಿದೇಶಿ, ಅಲ್ಲಿಗೆ ಅವಳ ಹಕ್ಕಿಗೂ ಕುತ್ತು. ಆಸ್ತಿ ಬೇರೆ ಬೇರೆ ಅಂತ ಮದುವೆಗೆ ಮುಂಚೆಯೇ ಒಪ್ಪಂದ ಮಾಡಿಕೊಂಡಿರಬೇಕಿತ್ತು. 2016ರಲ್ಲಿ ಸಂವಿಧಾನ ನ್ಯಾಯಾಲಯ, ಮದುವೆ ಆದ ಮೇಲೂ ಮಾಡಿಕೊಳ್ಳಬಹುದು ಅಂದಿದೆ. ಆದರೆ ಆ ಒಪ್ಪಂದ ಆದ ಮೇಲೆ ಜಾಗ ಅವಳದ್ದೇ, ನಿಮ್ಮದಲ್ಲ. ಇದನ್ನು ಹೇಳಿದಾಗ ಸಪ್ಪಗಾಗುವ ಗಂಡಂದಿರನ್ನು ನೋಡಿದ್ದೇನೆ.

ಇನ್ನೊಂದು ಸಣ್ಣ ವಿಷಯ. ಹಳ್ಳಿಯವರು 'ಗಿರಿಕ್' ಅಥವಾ 'ಲೆಟರ್ ಸಿ' ತೋರಿಸಿ ಜಾಗಕ್ಕೆ ಪತ್ರ ಇದೆ ಅಂತಾರೆ. ಅದು ಹಳೇ ಕಂದಾಯದ ದಾಖಲೆ. ಖಾತಾ ಇದ್ದ ಮಾತ್ರಕ್ಕೆ ಮಾಲೀಕ ಆಗಲ್ಲ ಅಂತ ಬೆಂಗಳೂರಲ್ಲಿ ಸೈಟು ತಗೊಂಡವರಿಗೆ ನಾನು ಹೇಳಬೇಕಾಗಿಲ್ಲ. ಇನ್ನು ಗದ್ದೆಯ ಕಥೆ ಬೇರೆ. 1961ರ ನಿಯಮದಂತೆ ಸಾಗುವಳಿ ಭೂಮಿಯ ಮಾಲೀಕ ಅದೇ ತಾಲ್ಲೂಕಿನಂಥ 'ಕೆಚಾಮತಾನ್' ಒಳಗೆ ಅಥವಾ ಪಕ್ಕದ್ದರಲ್ಲಿ ವಾಸವಿರಬೇಕು. ಜಕಾರ್ತದಲ್ಲಿರುವ ಇಂಡೋನೇಷ್ಯಾದವನಿಗೇ ಇಲ್ಲದ ಭಾಗ್ಯ ನಿಮಗೆಲ್ಲಿಂದ ಬರಬೇಕು?

ಹಾಗಾದರೆ ಏನು ಮಾಡಬಹುದು? 'ಹಕ್ ಪಕೈ' ಅಂತ ಬಳಕೆಯ ಹಕ್ಕು ಇದೆ, 30 ವರ್ಷ, ಆಮೇಲೆ 20, ಮತ್ತೆ 30. ಅದಕ್ಕೆ ವೀಸಾ ಅಥವಾ ವಾಸದ ಪರ್ಮಿಟ್‌ನಂಥ ವಲಸೆ ದಾಖಲೆ ಬೇಕು, ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆಯೂ ಇದೆ, ಹಳ್ಳಿಯ ಎರಡು ಕೋಣೆ ಮನೆ ಆ ಬೆಲೆಯ ಹತ್ತಿರಕ್ಕೂ ಬರಲ್ಲ. ಆದ್ದರಿಂದ ಬಾಡಿಗೆಗೆ ಇರಿ. ಇಲ್ಲಿ ವರ್ಷದ ಬಾಡಿಗೆ ಒಟ್ಟಿಗೆ ಮೊದಲೇ ಕೊಡೋದು ರೂಢಿ. ನಾನೂ ಹಾಗೇ ಇದ್ದೇನೆ, ಯಾವ ಮರ್ಯಾದೆಯೂ ಕಮ್ಮಿಯಾಗಿಲ್ಲ.

ಕಳ್ಳರ ವಿಷಯ. ಬೈಕ್ ಹೋಗುತ್ತೆ, ಕೋಳಿ ಹೋಗುತ್ತೆ, ಮಸೀದಿ ಮುಂದೆ ಒಳ್ಳೇ ಚಪ್ಪಲಿ ಬಿಟ್ಟರೆ ಅದೂ ಹೋಗಬಹುದು. ಆದರೆ ರಾತ್ರಿ ಕಾವಲಿಗೆ ಪೊಲೀಸರನ್ನು ಕಾಯುವ ಊರಲ್ಲ ಇದು. ಕೆಲವು ಡಜನ್ ಮನೆಗಳಿಗೆ ಒಂದು 'ಎರ್‌ಟೆ', ಅದಕ್ಕೊಬ್ಬ ಮುಖ್ಯಸ್ಥ. ಬಂದ 24 ಗಂಟೆಯೊಳಗೆ ಅವರ ಮನೆಗೆ ಹೋಗಿ ಹೇಳಿ ಬರಬೇಕು ಅಂತ ಬೀದಿ ಬಾಯಲ್ಲೇ ಬೋರ್ಡ್ ಇರುತ್ತೆ. ಗಂಡಸರು ಸರದಿ ಮೇಲೆ ರಾತ್ರಿ 'ರೊಂಡಾ' ಸುತ್ತುತ್ತಾರೆ. ಕಟ್ಟೆಯಲ್ಲಿ ಟೊಳ್ಳು ಮರದ 'ಕೆಂಟೊಂಗಾನ್' ತೂಗುಹಾಕಿರುತ್ತಾರೆ. ಎರಡೆರಡು ಪೆಟ್ಟು ಬಿದ್ದರೆ ಕಳ್ಳ, ಮೂರು ಮೂರು ಬಿದ್ದರೆ ಬೆಂಕಿ. ಮನೆ ಮನೆ ಗೋಡೆಗೆ ಸಣ್ಣ ಡಬ್ಬಿ ಇರುತ್ತೆ, ಅದರಲ್ಲಿ ಚಿಟಿಕೆ ಅಕ್ಕಿ ಅಥವಾ 500 ರುಪಿಯಾ ನಾಣ್ಯ ಇಡಬೇಕು, 'ಜಿಂಪಿತಾನ್' ಅಂತ. ರೊಂಡಾದವರು ಅದನ್ನು ಎತ್ತಿಕೊಂಡು ಬೀದಿಯ ಖರ್ಚಿಗೆ ಹಾಕುತ್ತಾರೆ. ಅಂದರೆ ಪ್ರತಿ ರಾತ್ರಿ ಯಾರೋ ಒಬ್ಬರು ಪ್ರತಿ ಮನೆ ಬಾಗಿಲ ತನಕ ಬಂದು ಹೋಗಲೇಬೇಕು. ಈ ಏರ್ಪಾಡು ಮಾಡಿದವರ ತಲೆಗೆ ನಾನು ಶರಣು. ನೀವು ಮಾತ್ರ ಬೇಲಿ ಎತ್ತರ ಮಾಡಿಕೊಂಡು, ಯಾರ ಮನೆ ಮದುವೆಗೂ ಹೋಗದೆ ಕೂತರೆ ಆ ಕಾವಲು ಪೂರ್ತಿ ಸಿಗಲ್ಲ.

ನೀವು ಕೇಳದೇ ಇರೋದನ್ನೂ ಹೇಳಿಬಿಡುತ್ತೇನೆ. ಇಲ್ಲಿ ಕಳ್ಳನಿಗಿಂತ ಗೋಡೆಗೇ ಹೆಚ್ಚು ಹೆದರಬೇಕು. ನಾನಿರೋದು ಮಧ್ಯ ಜಾವಾದ ಕ್ಲಾತೆನ್ ಜಿಲ್ಲೆ ಕಡೆ. 2006ರ ಮೇ 27ರ ಬೆಳಗ್ಗೆ ಆರಕ್ಕೆ ಸ್ವಲ್ಪ ಮುಂಚೆ ಭೂಮಿ ನಡುಗಿ, ಒಟ್ಟು 5,700ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಇಲ್ಲಿ ಮತ್ತು ಹತ್ತಿರದ ಬಂತುಲ್ ಜಿಲ್ಲೆಯಲ್ಲಿ. ಎಷ್ಟೋ ಜನ ಸತ್ತಿದ್ದು ಕಬ್ಬಿಣ ಹಾಕದ ಇಟ್ಟಿಗೆ ಗೋಡೆ, ಭಾರದ ಹೆಂಚು ಮೈಮೇಲೆ ಬಿದ್ದು. ಹಾಗಾಗಿ ಬಾಡಿಗೆ ಮನೆ ನೋಡುವಾಗ ಗದ್ದೆ ಕಾಣುತ್ತಾ ಅಂತ ಆಮೇಲೆ ನೋಡಿ, ಮೂಲೆಗಳಲ್ಲಿ ಕಾಲಂ ಇದೆಯಾ, ಗೋಡೆಯ ಮೇಲ್ತುದಿಗೆ ಸುತ್ತಲೂ ಬೀಮ್ ಹಾಕಿದ್ದಾರಾ ಅಂತ ಮೊದಲು ನೋಡಿ. ನಾನು ಕೇಳಿದಾಗ ಮನೆ ಯಜಮಾನರು ನಗಲಿಲ್ಲ. ಗೋಡೆ ತಟ್ಟಿ "ಬಾರ್ ಲಿಂಡು" ಅಂದರು, ಭೂಕಂಪದ ನಂತರದ್ದು ಅಂತ. ಆ ಸಂಜೆಯೇ ವರ್ಷದ ಬಾಡಿಗೆ ಎಣಿಸಿ ಕೊಟ್ಟೆ.