ಕೊಟ್ಟಿಗೆಯಷ್ಟು ದೊಡ್ಡ ನ್ಯೂಕ್ಲಿಯಸ್

ನ್ಯೂಟ್ರಾನಿಗೆ ವಿದ್ಯುದಂಶ ಇಲ್ಲ. ಹಾಗಾಗಿ ಅದು ಯಾರ ಮಾತನ್ನೂ ಕೇಳುವುದಿಲ್ಲ. ಪ್ರೋಟಾನಾದರೆ ವೋಲ್ಟೇಜ್ ಕೊಟ್ಟು ಓಡಿಸಬಹುದು, ಅಯಸ್ಕಾಂತ ಇಟ್ಟು ತಿರುಗಿಸಬಹುದು. ನ್ಯೂಟ್ರಾನಿನ ಹತ್ತಿರ ಈ ಆಟ ನಡೆಯದು. ಆದರೂ ಯಾವ ವೇಗದ ನ್ಯೂಟ್ರಾನು ಯಾವ ನ್ಯೂಕ್ಲಿಯಸ್ಸಿಗೆ ಎಷ್ಟು ಸುಲಭವಾಗಿ ಸಿಕ್ಕಿಬೀಳುತ್ತದೆ ಎಂಬ ಲೆಕ್ಕ ಬೇಕೇ ಬೇಕು. ಅದಿಲ್ಲದೆ ರಿಯಾಕ್ಟರ್ ಕಟ್ಟಲಾಗದು. ನಕ್ಷತ್ರಗಳ ಒಡಲಲ್ಲಿ ಬೇರಿಯಂ, ಸೀಸ ಹೇಗೆ ಹುಟ್ಟಿದವು ಎಂದು ಹೇಳಲೂ ಆಗದು.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 2001ರಿಂದ ಒಂದು ಸರಳ ಉಪಾಯ ನಡೆದಿದೆ. ಹೆಸರು ಎನ್-ಟಾಫ್. ಎಲ್ಲ ವೇಗದ ನ್ಯೂಟ್ರಾನುಗಳನ್ನೂ ಒಟ್ಟಿಗೆ ಬಿಡು, ಯಾವುದು ಯಾವಾಗ ಬಂತು ಅಂತ ಗಡಿಯಾರ ನೋಡು. ಅಷ್ಟೇ! ಪ್ರೋಟಾನುಗಳ ಒಂದು ಗುಂಪು ಸೀಸದ ದಿಮ್ಮಿಗೆ ಬಡಿಯುತ್ತದೆ. ಒಂದೊಂದು ಪ್ರೋಟಾನಿಗೆ ಸುಮಾರು 300 ನ್ಯೂಟ್ರಾನು ಚಿಮ್ಮುತ್ತವೆ. ಗಾಳಿ ತೆಗೆದ ಕೊಳವೆಯಲ್ಲಿ ಅವು ಸುಮಾರು 185 ಮೀಟರ್ ಓಡಬೇಕು. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯದು 13 ಮೈಕ್ರೊಸೆಕೆಂಡಿನಲ್ಲಿ ಮುಟ್ಟುತ್ತದೆ. ಸೆಕೆಂಡಿಗೆ 2,200 ಮೀಟರ್ ಹೋಗುವ ನಿಧಾನಿಗೆ 84 ಮಿಲಿಸೆಕೆಂಡ್ ಬೇಕು.

ಕೊಳವೆಯ ತುದಿಯಲ್ಲಿ ತೆಳ್ಳಗಿನ ಚಿನ್ನದ ಹಾಳೆ ಇಟ್ಟಿದ್ದಾರೆ ಎನ್ನಿ. ಚಿನ್ನದ ನ್ಯೂಕ್ಲಿಯಸ್ ನ್ಯೂಟ್ರಾನನ್ನು ನುಂಗಿದಾಗಲೆಲ್ಲ ಗಾಮಾ ಕಿರಣ ಹೊರಬರುತ್ತದೆ. ಸುತ್ತಲಿನ ಡಿಟೆಕ್ಟರುಗಳು ಅದನ್ನು ಎಣಿಸುತ್ತವೆ. ಓಟ ಶುರುವಾಗಿ ಸುಮಾರು 6 ಮಿಲಿಸೆಕೆಂಡ್ ಆಗುತ್ತಿದ್ದಂತೆ ಎಣಿಕೆ ದಿಢೀರನೆ ಮೇಲೇರುತ್ತದೆ, ಮರುಕ್ಷಣವೇ ಇಳಿಯುತ್ತದೆ. 4.9 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನುಗಳು ಬಂದು ತಲುಪುವ ಹೊತ್ತು ಅದು. ಚಿನ್ನದ ಶ್ರುತಿಗೆ ಅವು ಸರಿಯಾಗಿ ಕೂಡುತ್ತವೆ. ಸ್ವಲ್ಪ ಮುಂಚೆ, ಸ್ವಲ್ಪ ತಡವಾಗಿ ಬಂದವುಗಳಲ್ಲಿ ಬಹುಪಾಲು ಸುಮ್ನೆ ಹಾದುಹೋಗುತ್ತವೆ.

ಈ ನುಂಗುವ ತಾಕತ್ತಿನ ಅಳತೆ ಬಾರ್ನ್. ಅಂದರೆ ಕೊಟ್ಟಿಗೆ! ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಇಬ್ಬರು ಭೌತವಿಜ್ಞಾನಿಗಳು, ನ್ಯೂಟ್ರಾನಿಗೆ ಇದು ಕೊಟ್ಟಿಗೆಯಷ್ಟು ದೊಡ್ಡ ಗುರಿ ಅಂತ ತಮಾಷೆಗೆ ಇಟ್ಟ ಹೆಸರು. ಯುದ್ಧಕಾಲದ ಸಂಶೋಧನೆ ಹೊರಗಿನವರಿಗೆ ತಿಳಿಯದಂತೆ ಗುಟ್ಟಿಗೆ ಗುಟ್ಟೂ ಆಯಿತು. ಚದರ ಸೆಂಟಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ತೆಗೆದುಕೊಳ್ಳಿ. ಅದರ ಹತ್ತು ಲಕ್ಷದಲ್ಲೊಂದು ಭಾಗ. ಹೀಗೆ ನಾಲ್ಕು ಸಲ ಮಾಡಿದರೆ ಒಂದು ಬಾರ್ನ್. ಯುರೇನಿಯಂ ನ್ಯೂಕ್ಲಿಯಸ್ಸಿನ ನಿಜವಾದ ಅಡ್ಡ ವಿಸ್ತೀರ್ಣ ಹೆಚ್ಚುಕಡಿಮೆ ಇಷ್ಟೇ. ಆದರೆ ನ್ಯೂಟ್ರಾನಿನ ಕಣ್ಣಿಗೆ ನಿಜವಾದ ವಿಸ್ತೀರ್ಣ ಲೆಕ್ಕಕ್ಕೇ ಇಲ್ಲ. ನಿಧಾನ ನ್ಯೂಟ್ರಾನಿಗೆ ಚಿನ್ನ ಸುಮಾರು 99 ಬಾರ್ನ್. ಆ 4.9ರ ಶಿಖರದಲ್ಲಿ ಸಾವಿರಾರು. ಕಾರ್ಬನ್ ಒಂದು ಬಾರ್ನಿನ ನೂರನೇ ಒಂದು ಪಾಲೂ ಇಲ್ಲ.

ಜಿರ್ಕೋನಿಯಂ ಮತ್ತು ಹಾಫ್ನಿಯಂ ಒಂದೇ ಅದಿರಿನಲ್ಲಿ ಸಿಗುವ, ರಸಾಯನದಲ್ಲಿ ಅವಳಿಗಳಂಥ ಲೋಹಗಳು. ಆದರೆ ಜಿರ್ಕೋನಿಯಂನದು 0.2 ಬಾರ್ನ್, ಹಾಫ್ನಿಯಂನದು ಸುಮಾರು 100. ಅದಕ್ಕೇ ನಮ್ಮ ಕೈಗಾ ರಿಯಾಕ್ಟರುಗಳ ಇಂಧನ ಕೊಳವೆಗೆ ನ್ಯೂಟ್ರಾನನ್ನು ಅಷ್ಟಾಗಿ ನುಂಗದ ಜಿರ್ಕೋನಿಯಂ ಬೇಕು, ಅದೂ ಹಾಫ್ನಿಯಂ ತೆಗೆದದ್ದು.

ಇಷ್ಟು ಸಾಧು ಜಿರ್ಕೋನಿಯಂನ ಮನೆಯಲ್ಲೇ ಒಂದು ಬಕಾಸುರ ಇದೆ ಅಂತ 2019ರಲ್ಲಿ ಗೊತ್ತಾಯಿತು. ಅದು ಜಿರ್ಕೋನಿಯಂ-88, ಜಿರ್ಕೋನಿಯಂನದೇ ಒಂದು ಐಸೋಟೋಪ್, ವಿಕಿರಣಶೀಲ, ಸುಮಾರು 83 ದಿನಕ್ಕೆ ಅರ್ಧವಾಗುತ್ತದೆ. ಇಲ್ಲಿ ಓಟದ ಪಂದ್ಯ ನಡೆಸಲಿಲ್ಲ. ಚೂರೇ ಚೂರು ಮಾದರಿಯನ್ನು ಮಿಸೂರಿ ವಿಶ್ವವಿದ್ಯಾಲಯದ ರಿಯಾಕ್ಟರಿನಲ್ಲಿಟ್ಟು, ಆಚೆ ತೆಗೆದು, ಉಳಿದದ್ದೆಷ್ಟು ಅಂತ ಗಾಮಾ ಕಿರಣ ಎಣಿಸಿದರು. ತಾನಾಗಿ ಕರಗಿದ ಪಾಲನ್ನು ಕಳೆದರೂ ಲೆಕ್ಕ ಕೂಡಲಿಲ್ಲ. ಇರಬೇಕಾದ್ದಕ್ಕಿಂತ ತೀರಾ ಕಮ್ಮಿ ಉಳಿದಿತ್ತು. ನಿರೀಕ್ಷೆ ಇದ್ದದ್ದು ಸುಮಾರು 10 ಬಾರ್ನ್. ಸಿಕ್ಕಿದ್ದು 8,61,000. ಇದಕ್ಕಿಂತ ಜಾಸ್ತಿ ನುಂಗುವುದು ನಮಗೆ ಗೊತ್ತಿರುವಂತೆ ಒಂದೇ, ಕ್ಸೆನಾನ್-135. ಅದರದು ಸುಮಾರು 26 ಲಕ್ಷ.